ಗೂಢಚಾರನಿಗೆ ಸಾಲು ಹೇಳಿಕೊಟ್ಟವನು

ಸಚಿನಾ,

ನನಗೆ ಬೇರೆ ಕೆಲಸ ಸಿಗುತ್ತದೆ ಅಂತ ನೀನಂದದ್ದು ಉತ್ತರ ಅಲ್ಲ ಮಾರಾಯ. ಸಿಗುತ್ತದೆ, ನನಗೂ ಗೊತ್ತು. ಕೊಚ್ಚಿಗೆ, ಮಟ್ಟಾಂಚೇರಿಯ ಶುಂಠಿ ಗೋದಾಮಿಗೆ ಹೋಗಿ ನಿಂತರೆ ಯಾರೂ ಬೇಡ ಅನ್ನುವುದಿಲ್ಲ. ಬೆಳಿಗ್ಗೆ ನಾನು ಕೇಳಿದ್ದು ಕೆಲಸದ ಮಾತಲ್ಲ. ಸೀರಿಯಲ್ ಮ್ಯಾನೇಜರ್ ದಾಮೋದರೇಟ್ಟನ ಮುಂದೆ ಹಾಗೆ ಯಾಕೆ ಹೇಳಿದೆ ಅಂತ ಕೇಳಿದೆ. ನೀನು ಟವೆಲ್ ಎತ್ತಿಕೊಂಡು ಸ್ನಾನಕ್ಕೆ ಹೋದೆ. ಒಳಗಿನಿಂದಲೇ, ‘ಯಶು, ಇವತ್ತಿನ ಸೀನ್ ಒಂದ್ಸಲ ಹೇಳ್ಕೊಡೋ’ ಅಂದೆ. ನಾನು ಬಾಗಿಲ ಹೊರಗೆ ನಿಂತು ಹೇಳಿಕೊಟ್ಟೆ. ನನ್ನ ಬಾಯಿಗೆ ನಾಚಿಕೆ ಇಲ್ಲ.

ನಿನ್ನನ್ನು ಮೊದಲು ನೋಡಿದ್ದು ಅದೇ ಗೋದಾಮಿನ ಮುಂದೆ. ಪೊಲೀಸ್ ಡ್ರೆಸ್ಸು, ಒಂದೇ ಸಾಲು ಮಲಯಾಳ, ಒಂಬತ್ತು ಟೇಕ್. ಶೂಟಿಂಗಿನವರು ಮಲಯಾಳದಲ್ಲಿ ಬೈದರು, ನೀನು ಮೈಸೂರು ಕನ್ನಡದಲ್ಲಿ ಗೊಣಗಿದೆ. ಕಾಸರಗೋಡಿನವನಿಗೆ ಎರಡೂ ತಿಳಿಯಿತು. ಮೂಟೆ ಇಳಿಸಿ ಬಂದು ಆ ಸಾಲನ್ನು ಬಿಡಿಸಿ ಹೇಳಿಕೊಟ್ಟೆ. ಈ ಸೀರಿಯಲ್ಲಿನ ಗೂಢಚಾರನ ಪಾತ್ರ ಸಿಕ್ಕಿದಾಗ, ‘ನೀನಿಲ್ದೆ ನನ್ ಕೈಲಿ ಆಗಲ್ಲ ಕಣೋ, ತಿರುವನಂತಪುರಕ್ಕೆ ಬಾ’ ಅಂದೆ. ನಾನು ಬಂದೆ.

ಒಂದು ವರ್ಷ ಕ್ಯಾಮೆರಾದ ಕೆಳಗೆ ಕುಕ್ಕುರುಗಾಲಲ್ಲಿ ಕೂತು ನಾನು ಒಂದೊಂದೇ ಸಾಲು ಹೇಳಿದೆ, ನೀನು ನನ್ನ ಹಿಂದೆಯೇ ಅದನ್ನು ಹೇಳಿದೆ. ದನಿ ಆಮೇಲೆ ಬೇರೆಯವರು ಕೊಡುತ್ತಾರೆ, ತುಟಿ ಸರಿಯಿದ್ದರೆ ಸಾಕು. ಆದರೆ ನಿನ್ನ ನಾಲಿಗೆ ಪಕ್ಕದ ಊರು ಕಳಕ್ಕೂಟಂನ ಹೆಸರು ಹೇಳಲಿಕ್ಕೂ ಮಡಚುತ್ತಿರಲಿಲ್ಲ. ಅದಕ್ಕೇ ಹಿಂದಿನ ದಿನವೇ ಎಲ್ಲರ ಮಾತನ್ನೂ ನಾನೇ ಆಡಿ, ರೆಕಾರ್ಡ್ ಮಾಡಿ, ನಿನ್ನ ಫೋನಿಗೆ ಕಳಿಸುತ್ತಿದ್ದೆ. ನಿನ್ನೊಬ್ಬನ ಫೋನಿಗೆ.

ರಾಣಿ ಸಾಯುವ ಸೀನಿನಲ್ಲಿ ನಾನು ಹೆಂಗಸಿನ ದನಿ ಮಾಡಿ ಅತ್ತಿದ್ದೆ. ನೀನು ಅದನ್ನು ನಗಲಿಕ್ಕೆ ಅಂತ ನಿನ್ನ ಗೆಳತಿ ಕೃಪಾಳಿಗೆ ಕಳಿಸಿದೆ. ಅವಳ ಕಳಕ್ಕೂಟಂ ಹಾಸ್ಟೆಲಿನಿಂದ ಅದು ಎಲ್ಲೆಲ್ಲಿಗೋ ಹೋಯಿತು. ಟಿವಿಯಲ್ಲಿ ಬರುವ ಮೊದಲೇ ರಾಣಿ ಸಾಯುತ್ತಾಳೆಂದು ಊರಿಗೆಲ್ಲ ಗೊತ್ತಾಯಿತು. ಇದನ್ನೆಲ್ಲ ಕೃಪಾಳೇ ಫೋನ್ ಮಾಡಿ ಹೇಳಿದಳು, ಅತ್ತಳು. ನೀನು ಹೇಳಲಿಲ್ಲ.

ಸೋಮವಾರ ದಾಮೋದರೇಟ್ಟ ಅದನ್ನು ಎಲ್ಲರ ಮುಂದೆ ಹಾಕಿ ಕೇಳಿಸಿದರು. ಲೈಟಿನವರೆಲ್ಲ ನಕ್ಕರು. ‘ಇದು ನಿನ್ನ ಸ್ವರ ಅಲ್ಲವಾ? ಯಾರಿಗೆ ಕೊಟ್ಟೆ?’ ಅಂದರು. ನಾನು ನಿನ್ನ ಮುಖ ನೋಡಿದೆ. ನೀನು ಮೀಸೆ ಅಂಟಿಸಿಕೊಳ್ಳುತ್ತಾ, ‘ಅವ್ನು ಯಾರ್ಯಾರಿಗೆ ಕಳಿಸ್ತಾನೋ ನಂಗೇನ್ ಗೊತ್ತು ಸಾರ್’ ಅಂದೆ. ಕನ್ನಡದಲ್ಲಿ. ಅವರಿಗೆ ಅರ್ಥವಾಗಲಿಲ್ಲ. ‘ಎಂದಾ ಪರಞ್ಞದ್?’ ಅಂದರು, ಅವನೇನು ಹೇಳಿದ ಅಂತ. ನಿನ್ನ ಎಲ್ಲ ಮಾತಿನ ಹಾಗೆ ಅದನ್ನೂ ನಾನೇ ಮಲಯಾಳದಲ್ಲಿ ಹೇಳಬೇಕಾಯಿತು. ಒಂದಕ್ಷರ ಬದಲಿಸದೆ ಹೇಳಿದೆ. ಯಾರಿಗೆ ಕೊಟ್ಟೆ ಅನ್ನುವುದಕ್ಕೆ ನಿನ್ನ ಹೆಸರು ಮಾತ್ರ ಹೇಳಲಿಲ್ಲ. ನನ್ನನ್ನು ಕೆಲಸದಿಂದ ಕಳಿಸಿದರು.

ಅದೇ ಮಧ್ಯಾಹ್ನ ನೀನು ಏಟು ತಿನ್ನುವ ಸೀನಿನ ಶೂಟಿಂಗ್. ಹೊಳೆ ದಾಟಿಸಿದ ಅಂಬಿಗನ ಹೆಸರು ಹೇಳು ಅಂತ ಶತ್ರುಗಳು ಬಾರಿಸುತ್ತಾರೆ, ನೀನು ಹೇಳುವುದಿಲ್ಲ. ನಿನ್ನೆ ಸಂಜೆ ಅದನ್ನು ಶ್ರೀಕಾರ್ಯಂ ಬಸ್ ಸ್ಟಾಪಿನಲ್ಲಿ, ರತ್ನಚೇಚಿಯ ಚಾಯ ಅಂಗಡಿಯಲ್ಲಿ ನಿಂತು ನೋಡಿದೆ. ಸುಳ್ಳು ಹೇಳುವುದಿಲ್ಲ, ಚೆನ್ನಾಗಿ ಮಾಡಿದ್ದೀ. ರಕ್ತ ಉಗುಳಿ, ಸ್ವಲ್ಪ ನಕ್ಕು, ‘ನಾನು ಈಜಿ ಬಂದೆ’ ಅಂದೆಯಲ್ಲ, ಆ ನಗು ನಾನು ಹೇಳಿಕೊಟ್ಟದ್ದಲ್ಲ. ಅದು ನಿನ್ನದೇ. ನನ್ನ ಕಣ್ಣಲ್ಲಿ ನೀರು ಬಂತು. ರತ್ನಚೇಚಿ ಚಾಯ ಎತ್ತಿ ಹೊಯ್ಯುವುದನ್ನು ನಿಲ್ಲಿಸಿ, ‘ಮೋನೇ, ಗೆಳೆಯ ಅಂದರೆ ಇವನ ಹಾಗಿರಬೇಕು’ ಅಂದರು. ಹೌದು ಚೇಚಿ ಅಂದೆ. ಅಲ್ಲೂ ನಿನ್ನ ಹೆಸರು ಹೇಳಲಿಲ್ಲ.

ನಾಳೆಯ ಸಾಲು ಯಾರ ಹತ್ತಿರವಾದರೂ ಕೇಳಿಕೋ. ಬ್ಯಾಗು ಹೆಗಲಿಗೆ ಹಾಕಿದ್ದೇನೆ, ಕೊಚ್ಚಿಯ ಬಸ್ಸಿಗೆ ಹೊತ್ತಾಯಿತು. ನನ್ನ ಕೀಲಿಕೈ ಈ ಕಾಗದದ ಮೇಲೆ ಇಟ್ಟಿದ್ದೇನೆ. ನಮ್ಮ ಬಾಗಿಲು ಎಳೆದರೆ ತಾನೇ ಲಾಕ್ ಆಗುತ್ತದೆ, ಆಮೇಲೆ ಮನಸ್ಸು ಬದಲಾದರೂ ನನಗೆ ತೆಗೆಯಲಿಕ್ಕಾಗುವುದಿಲ್ಲ.

ನಿನ್ನ ತುಟಿ ಯಾವತ್ತೂ ಸಾಲು ತಪ್ಪದಿರಲಿ.

ಯಶವಂತ

ಬಾಗಿಲು ಎಳೆದುಕೊಂಡು ಹೋಗುತ್ತಿದ್ದೇನೆ.