ಒಂದು ಹನಿಯೂ ಬೀಳಲಿಲ್ಲ

ಹವಾಮಾನ ಕಚೇರಿ, ಮೂರನೇ ಮಹಡಿ
ಸೋಮವಾರ, ೧೪ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಆಶ್ರಮದ ತಣ್ಣನೆಯ ನೆಲದ ಮೇಲೆ ಕೂತು ಕೂತು ಮಂಡಿ ಹಿಡಿದುಕೊಂಡಿರಬೇಕು. ಧ್ಯಾನಕ್ಕೆ ಕೂರುವಾಗ ಕೆಳಗೊಂದು ಕಂಬಳಿ ಹಾಸಿಕೊಂಡರೆ ಯಾವ ದೇವರೂ ಬೇಡವೆನ್ನುವುದಿಲ್ಲ. ಇದ್ದರೆ, ಅಂತ ಸೇರಿಸಬೇಕೆನಿಸಿತು; ಸೇರಿಸುವುದಿಲ್ಲ. ಅಮ್ಮ ಗೆಲುವಾಗಿದ್ದಾಳೆ. ಬಟ್ಟೆ ಒಣಹಾಕುವ ಮೊದಲು ಮಳೆ ಬರುತ್ತದೆಯೇ ಎಂದು ನನ್ನನ್ನು ಕೇಳುತ್ತಾಳೆ, ನಾನು ಹೇಳಿದ ಮೇಲೆ ಕಿಟಕಿ ತೆರೆದು ತಾನೇ ನೋಡುತ್ತಾಳೆ. ಊರೆಲ್ಲ ನನ್ನನ್ನು ಸಂಶಯದವಳು ಎನ್ನುತ್ತದೆ, ಆದರೆ ಈ ಮನೆಯಲ್ಲಿ ಆ ಪಟ್ಟ ಅವಳಿಗೇ ಸಲ್ಲಬೇಕು.

ಈಗ ಸುದ್ದಿ. ಇದನ್ನು ಬೇರೆಯವರ ಬಾಯಿಂದ ಕೇಳಿ ನೀನು ನಗುವ ಮೊದಲು ನಾನೇ ಹೇಳಿಬಿಡುತ್ತೇನೆ. ನಮ್ಮ ಊರಿನ ನಾಯಕರು ನಿನಗೆ ಗೊತ್ತಲ್ಲ, ಎಲ್ಲಿ ಮೈಕು ಕಂಡರೂ ಬಿಡದೆ ಹಿಡಿದುಕೊಳ್ಳುವುದರಿಂದ ಜನ ಮೈಕಾಸುರ ಎಂದು ಹೆಸರಿಟ್ಟಿದ್ದಾರೆ. ಅವರು ಮೈದಾನದ ಪಕ್ಕ ವಿಜ್ಞಾನ ಭವನ ಕಟ್ಟಿಸಿದರು. ಅದರ ಉದ್ಘಾಟನೆಗೆ ದಿನ ಇಟ್ಟುಕೊಟ್ಟವರು ಊರಿನ ಹೆಸರಾಂತ ಜ್ಯೋತಿಷಿ: ಶನಿವಾರ ಸಂಜೆ ನಾಲ್ಕು ಗಂಟೆ. ವಿಜ್ಞಾನ ಹುಟ್ಟುವುದಕ್ಕೂ ಒಳ್ಳೆಯ ಗಳಿಗೆ ಬೇಕಂತೆ. ಮಳೆಯ ವಿಷಯದಲ್ಲಿ ಮಾತ್ರ ಮೈಕಾಸುರರಿಗೆ ಧೈರ್ಯ ಸಾಲಲಿಲ್ಲ. ಶುಕ್ರವಾರ ಮಧ್ಯಾಹ್ನದೊಳಗೆ ಜ್ಯೋತಿಷಿಯೂ ನಾನೂ ಮುಚ್ಚಿದ ಲಕೋಟೆಯಲ್ಲಿ ಉತ್ತರ ಕೊಡಬೇಕೆಂದು ಹೇಳಿಕಳಿಸಿದರು, ಟೆಂಡರು ಕರೆದ ಹಾಗೆ. ನಾನು 'ನಾಲ್ಕಕ್ಕೆ ಜೋರು ಮಳೆ' ಎಂದು ಬರೆದೆ. ಜ್ಯೋತಿಷಿ 'ಒಂದು ಹನಿಯೂ ಬೀಳುವುದಿಲ್ಲ' ಎಂದು ಬರೆದರು. ಆ ಶುಕ್ರವಾರ ಬೆಳಗ್ಗೆಯಿಡೀ ಮೈಕಾಸುರರ ಸಹಾಯಕ ನನ್ನ ಕಚೇರಿಯ ಫೋನು ಬಿಡಲಿಲ್ಲ. "ಮೇಡಂ, ಮಳೇನ ಆರರ ಮೇಲೆ ಇಟ್ಕೊಳೋಕಾಗುತ್ತಾ?" ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಿದ್ದ.

ಕೊನೆಗೆ ಮೈಕಾಸುರರು ಇಬ್ಬರ ಮಾತನ್ನೂ ನಡೆಸಿಕೊಟ್ಟರು. ವಿಜ್ಞಾನಕ್ಕೆ ಮರ್ಯಾದೆ ಕೊಟ್ಟು ವೇದಿಕೆಯ ಮೇಲೆ ತಗಡಿನ ಛಾವಣಿ ಹಾಕಿಸಿದರು, ನಂಬಿಕೆಗೆ ಮರ್ಯಾದೆ ಕೊಟ್ಟು ಜನರ ತಲೆಯ ಮೇಲೆ ಆಕಾಶವನ್ನು ಹಾಗೆಯೇ ಬಿಟ್ಟರು. ರಾಜಕೀಯವನ್ನು ಇಷ್ಟು ಸ್ಪಷ್ಟವಾಗಿ ನಾನು ಹಿಂದೆ ನೋಡಿರಲಿಲ್ಲ.

ನಾನು ಮೊದಲ ಸಾಲಿನಲ್ಲಿ ರೇನ್‌ಕೋಟು ತೊಟ್ಟು, ಛತ್ರಿ ಹಿಡಿದು ಕೂತಿದ್ದೆ. ನಾಲ್ಕಾಯಿತು, ನಾಲ್ಕೂವರೆಯಾಯಿತು. ಬಿಸಿಲು ಸುಡುತ್ತಿತ್ತು, ರೇನ್‌ಕೋಟಿನೊಳಗೆ ನಾನು ಬೇಯುತ್ತಿದ್ದೆ. ಮೈಕಾಸುರರು ನನ್ನನ್ನು ವೇದಿಕೆಗೆ ಕರೆದು, "ಮೇಡಂ, ಮಳೆ ಎಲ್ಲಿ ನಿಂತಿದೆ, ಕಾರು ಕಳಿಸ್ಲಾ?" ಎಂದರು. ಇಡೀ ಮೈದಾನ ನಕ್ಕಿತು. ನನಗೆ ಅಲ್ಲೇ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು. ಆದರೂ ಮೈಕು ತೆಗೆದುಕೊಂಡು, "ನನ್ನ ಲೆಕ್ಕ ತಪ್ಪಾಯ್ತು. ಎಲ್ಲಿ ತಪ್ಪಿತು ಅಂತ ಹುಡುಕಿ ನಾಳೆ ಕಚೇರಿ ಗೋಡೆಗೆ ಅಂಟಿಸ್ತೀನಿ" ಎಂದೆ. ಆ ಮೈಕು ಅಂಥ ಮಾತನ್ನು ಅದುವರೆಗೆ ಕೇಳಿರಲಿಲ್ಲವೋ ಏನೋ, ಕುಂಯ್ ಎಂದು ಕಿರುಚಿತು. ಕೆಳಗಿಳಿಯುವಾಗ ಸಹಾಯಕ ಕಿವಿಯಲ್ಲಿ, "ಸ್ಟೇಜ್ ಮೇಲೆ ಅದನ್ನೆಲ್ಲ ಹೇಳಬಾರದು ಮೇಡಂ, ಜನಕ್ಕೆ ಅಭ್ಯಾಸ ಆಗ್ಬಿಡುತ್ತೆ" ಎಂದು ಬುದ್ಧಿ ಹೇಳಿದ.

ಭಾನುವಾರ ಅಂಟಿಸಿದೆ. ಶನಿವಾರ ಎರಡು ಗಂಟೆಗೆ ಗಾಳಿ ದಿಕ್ಕು ಬದಲಿಸಿ ಮೋಡವನ್ನು ಗುಡ್ಡದ ಆಚೆಗೆ ಒಯ್ದಿತ್ತು. ಅದು ತಿರುಗುವ ಸೂಚನೆ ಶುಕ್ರವಾರ ಬೆಳಗ್ಗೆಯೇ ಇತ್ತು, ನಾನು ಗಮನಿಸಿರಲಿಲ್ಲ. ಜ್ಯೋತಿಷಿ ಗ್ರಹ ನೋಡಿ ಹೇಳಿದ್ದೋ, ನಾಣ್ಯ ಚಿಮ್ಮಿ ಹೇಳಿದ್ದೋ, ಈ ಸಲ ಅವರದು ಸರಿ, ನನ್ನದು ತಪ್ಪು. ನೋಟುಪುಸ್ತಕದಲ್ಲೂ ಹಾಗೆಯೇ ಬರೆದುಕೊಂಡೆ.

ಇವತ್ತು ಬೆಳಗ್ಗೆ ಜ್ಯೋತಿಷಿಯೇ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದರು. ಆಡಿಕೊಳ್ಳಲು ಬಂದಿದ್ದಾರೆಂದು ನಾನು ಮುಖ ಗಂಟಿಕ್ಕಿಕೊಂಡೆ. ಅವರು ಬಾಯಿ ತೆರೆದದ್ದೇ ತಡ, ದನಿ ಎಲ್ಲೋ ಕೇಳಿದಂತಿದೆ ಎನಿಸಿತು. ಏಳು ವರ್ಷಗಳಿಂದ ದಿನಾ ಬೆಳಗ್ಗೆ ಏಳಕ್ಕೆ ಛತ್ರಿ ಅಂಗಡಿಯವನು ಎಂದು ಹೇಳಿ ಫೋನು ಮಾಡುವವನ ದನಿ. ಪಾಪ, ಸಣ್ಣ ವ್ಯಾಪಾರಿ ಎಂದು ನಾನು ಅವನಿಗೆ ವಿವರವಾಗಿ ಹೇಳುತ್ತಿದ್ದೆ.

"ಶುಕ್ರವಾರ ನಿಮ್ಮ ಲೈನು ಸಿಗಲೇ ಇಲ್ಲ ಮೇಡಂ. ಬೇರೆ ದಾರಿ ಇಲ್ದೆ ಗ್ರಹ ನೋಡಿಬಿಟ್ಟೆ."

"ಸರಿಯಾಗಿಯೇ ಬಂತಲ್ಲ."

"ಅದೇ ಈಗ ಭಯ. ಮತ್ತೆ ಕೇಳ್ತಾರೆ."

ಏಳು ವರ್ಷ ಕಾಲ ನಾನು ಬಯ್ದುಕೊಂಡು ಬಂದ ಅವರ ಮಳೆ ಭವಿಷ್ಯದ ಕೀರ್ತಿಯನ್ನು ನಾನೇ ಸಾಕಿದ್ದೆ. ನಗು ತಡೆಯಲಾಗದೆ ಕುರ್ಚಿ ಎಳೆದು ಕೂರಿಸಿದೆ. ಇನ್ನು ಮೇಲೆ ಮಾತಿನ ಜೊತೆ 'ಬಹುಶಃ' ಸೇರಿಸಿ ಎಂದೆ. "ಬಹುಶಃ ಅಂದ್ರೆ ಜನ ಎದುರುಗಡೆ ಜ್ಯೋತಿಷಿ ಹತ್ರ ಹೋಗ್ತಾರೆ. ನೀವು ತಪ್ಪಾಯ್ತು ಅಂದ್ರೂ ನಾಳೆ ಇದೇ ಕುರ್ಚೀಲಿ ಕೂತಿರ್ತೀರಿ. ನಾನು ಒಂದ್ಸಲ ಹಾಗಂದ್ರೆ ಮುಗೀತು" ಎಂದರು. ವಾಯುಭಾರ ಮಾಪಕವನ್ನು ಓದುವುದು ಹೇಗೆಂದು ತೋರಿಸಿಕೊಟ್ಟೆ. ಬೇಗ ಕಲಿಯುತ್ತಾರೆ. ನಮ್ಮ ಕಚೇರಿಗೆ ಬಂದಿದ್ದರೆ ಇಷ್ಟು ಹೊತ್ತಿಗೆ ನನ್ನ ಮೇಲಧಿಕಾರಿಯಾಗಿರುತ್ತಿದ್ದರು.

ನಿನ್ನ ಗುರುಗಳಿಗೆ ನನ್ನ ನಮಸ್ಕಾರ. ಆಶೀರ್ವಾದ ಕೆಲಸ ಮಾಡುತ್ತದೆಂಬುದಕ್ಕೆ ಪುರಾವೆ ಇಲ್ಲ, ಆದರೆ ಅಕ್ಕನ ಹುದ್ದೆಯಲ್ಲಿ ಅದನ್ನು ಕಳಿಸದೆ ವಿಧಿಯಿಲ್ಲ. ತುಂಬ ಕಳಿಸಿದ್ದೇನೆ.

ನಿನ್ನ
ಅಕ್ಕ

ತಾ.ಕ.: ಅಂಚೆ ಹೊರಡುವ ಹೊತ್ತಾಯಿತು, ಬೇಗ ಹೇಳುತ್ತೇನೆ. ಎರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ನೀನು ಅಮ್ಮನ ಮಂಚದ ಪಕ್ಕ ಕೂತು ಪ್ರಾರ್ಥನೆ ಹೇಳುತ್ತಿದ್ದಾಗ, ರೋಗಿಗೆ ತೊಂದರೆ ಎಂದು ನಿನ್ನನ್ನು ಹೊರಗೆ ಕಳಿಸಿದೆ. ಆಮೇಲೆ ನೀನು ಮನೆಗೇ ಬರಲಿಲ್ಲ. ರೋಗಿಯನ್ನು ನಾನು ಕೇಳಿರಲಿಲ್ಲ. ನಿನ್ನೆ ಕೇಳಿದೆ. "ಅವನು ಹೇಳ್ತಿದ್ರೆ ನಿದ್ದೆ ಬರ್ತಿತ್ತು, ನೀನು ಬೈದಾಗ ಎಚ್ಚರ ಆಯ್ತು" ಎಂದಳು. ತಪ್ಪು ನನ್ನದು. ಬಾ. ಎಷ್ಟು ಜೋರಾಗಿ ಬೇಕಾದರೂ ಪ್ರಾರ್ಥನೆ ಮಾಡು, ಅವಳಿಗೆ ಈಗ ಕಿವಿ ಸ್ವಲ್ಪ ಮಂದ.