ಗಳಕ್ಕೆ ಕಟ್ಟಿದ ತೆಂಗಿನ ಗರಿ

ಕಾಯ್ ರಾಂಗ್ ಹೊಳೆಸಂತೆ
14 ಮಾರ್ಚ್ 2023, ಮಂಗಳವಾರ

ಪ್ರೀತಿಯ ಲುವಾ ಅಕ್ಕನಿಗೆ,

ನಿನ್ನ ತಂಗಿ ದಾವ್ ಮಾಡುವ ನಮಸ್ಕಾರಗಳು. ನಾವೆಲ್ಲ ದೋಣಿಯ ಮೇಲೆ ಕ್ಷೇಮ. ನೀನೂ ಭಾವನೂ ಕಾ ಮಾವ್‌ನಲ್ಲಿ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಸಂದೇಶ ಬಂದು ಇವತ್ತಿಗೆ ಹನ್ನೊಂದು ದಿನವಾಯಿತು. ಉತ್ತರ ತಡವಾದದ್ದನ್ನು ಹೊಟ್ಟೆಗೆ ಹಾಕಿಕೋ. ಫೋನಿನಲ್ಲೇ ಬರೆಯೋಣವೆಂದರೆ ಆ ಫೋನು ಈಗ ನನ್ನದಾಗಿ ಉಳಿದಿಲ್ಲ, ಗಿರಾಕಿಗಳದ್ದಾಗಿದೆ. ಎರಡು ಸಾಲು ಒತ್ತುವಷ್ಟರಲ್ಲಿ ಯಾರೋ ಒಬ್ಬರು 'ನಾಳೆ ಬೆಳಿಗ್ಗೆ ನಾಲ್ಕು ಜನಕ್ಕೆ ಜಾಗ ಇದೆಯಾ' ಎಂದು ಕೇಳುತ್ತಾರೆ. ಅದೂ ಅಲ್ಲದೆ, ನಾಲ್ಕು ವರ್ಷ ಮಾತು ಬಿಟ್ಟ ಅಕ್ಕನಿಗೆ ಹೆಬ್ಬೆರಳಿನಲ್ಲಿ ಉತ್ತರ ಕೊಡುವುದು ನನಗೆ ಸರಿ ಕಾಣಲಿಲ್ಲ. ಅದಕ್ಕೇ ಮಗಳ ಹಳೆಯ ನೋಟುಪುಸ್ತಕದಿಂದ ಹಾಳೆ ಹರಿದುಕೊಂಡು ಕೂತಿದ್ದೇನೆ. ದೋಣಿ ಅಲುಗಿದಾಗೆಲ್ಲ ಅಕ್ಷರ ಸೊಟ್ಟಗಾಗುತ್ತದೆ, ಬೈಯಬೇಡ.

ನೀನು ಬರೆದದ್ದು ಒಂದೇ ಸಾಲು: 'ಅಮ್ಮನ ದೋಣಿ ಮಾರ್ತಿದ್ದೀಯ ಅನ್ನೋದು ನಂಗೆ ಕಂಡೋರ ಫೋನಲ್ಲಿ ಗೊತ್ತಾಗ್ಬೇಕಾ?' ಮೊದಲು ಅದಕ್ಕೆ ಉತ್ತರ ಕೊಡುತ್ತೇನೆ. ದೋಣಿ ಮಾರಿಲ್ಲ. ಮಾರುವುದೂ ಇಲ್ಲ. ಈಗ ಸಮಾಧಾನವಾಗಿ ಕೂತು ಓದು. ಮೀನಿನ ತಟ್ಟೆ ಮುಂದಿಟ್ಟರೆ ಮೊದಲು ಬಾಲಕ್ಕೇ ಕೈ ಹಾಕುವ ನಿನ್ನ ಚಾಳಿ ನನಗೆ ಗೊತ್ತು, ಕಾಗದದ ಕೊನೆಗೆ ಹಾರಬೇಡ.

ಒಂದು ಮಾತಿಗೆ ಮಾತ್ರ ನಗು ಬಂತು ಅಕ್ಕ. ಅಮ್ಮ ತೀರಿಕೊಂಡ ತಿಂಗಳಲ್ಲಿ 'ಈ ಹಳೇ ಮರದ ತುಂಡನ್ನ ಮಾರಿ ದಡಕ್ಕೆ ಬಾ, ನಮ್ಮೂರಲ್ಲಿ ಅಂಗಡಿ ಹಾಕ್ಕೋ' ಎಂದವಳು ನೀನು. ಈಗ ಮಾರುತ್ತಾರಂತೆ ಎಂದು ಕೇಳಿ ಕಿಡಿಕಿಡಿಯಾದವಳೂ ನೀನೇ. ಅವತ್ತು ನಾನು ಆಡಿದ ಮಾತನ್ನೂ ಮರೆತಿಲ್ಲ. 'ನೀರು ಬಿಟ್ಟು ಹೋದೋಳಿಗೆ ದೋಣಿ ಮಾತು ಯಾಕೆ' ಎಂದಿದ್ದೆ. ಸಾವಿನ ಮನೆಯಲ್ಲಿ, ನೆಂಟರ ಮುಂದೆ. ಆ ಮಾತನ್ನು ನುಂಗುವ ಹಾಗಿದ್ದರೆ ಅವತ್ತೇ ನುಂಗುತ್ತಿದ್ದೆ.

ಇರಲಿ, ನೀನು ಫೋನಿನಲ್ಲಿ ಕಂಡ ಆ ಫೋಟೋದ ಕಥೆ ಹೇಳುತ್ತೇನೆ.

ನೀನು ಕಂಡ ಸಂತೆ ಈಗಿಲ್ಲ. ನಾವು ಚಿಕ್ಕವರಿದ್ದಾಗ ಒಂದು ದೋಣಿಯಿಂದ ಇನ್ನೊಂದಕ್ಕೆ ಕಾಲಿಡುತ್ತಲೇ ಹೊಳೆ ದಾಟುತ್ತಿದ್ದೆವಲ್ಲ, ಈಗ ಹಾಗೆ ಹೊರಟರೆ ಮೂರನೇ ಹೆಜ್ಜೆಗೆ ನೀರಿಗೆ ಬೀಳುತ್ತೀಯ. ಸಗಟು ವ್ಯಾಪಾರಿಗಳು ಲಾರಿ ಹಿಡಿದು ದಡ ಸೇರಿದರು. ಅನಾನಸ್ ತುಂಬಿಕೊಂಡು ಬಂದರೆ ಅರ್ಧ ಅಲ್ಲೇ ಕೊಳೆಯುತ್ತಿತ್ತು. ಹೋದ ವರ್ಷ ಮಳೆಗಾಲಕ್ಕೆ ಮಗಳು ಮಿಯೆನ್, ಪಟ್ಟಣದ ಹೋಟೆಲ್ ಕೆಲಸ ಬಿಟ್ಟು ಬಂದಳು. ಬಂದವಳೇ, 'ಅಮ್ಮಾ, ಪ್ರವಾಸಿಗಳು ದೊಡ್ಡ ಮೋಟಾರು ದೋಣೀಲಿ ಬಂದು ನಮ್ಮ ಫೋಟೋ ತೆಗ್ದು ಹೋಗ್ತಾರೆ. ನಮ್ಮ ದೋಣೀಲೇ ಕೂತು ತಿಂಡಿ ತಿನ್ನಲಿ. ಅಜ್ಜಿ ಮಾಡ್ತಿದ್ದ ಹು ತಿಯು ಶಾವಿಗೆ ಸಾರು ಮಾಡು, ಉಳಿದದ್ದು ನಾನು ನೋಡ್ಕೋತೀನಿ' ಎಂದಳು. ಇಪ್ಪತ್ತೆರಡರ ಹುಡುಗಿ, ಅಪ್ಪನ ಕಡೆಯ ಅಜ್ಜಿಯ ಮನೆಯಲ್ಲಿ ದಡದ ಮೇಲೆ ಓದಿ ಬೆಳೆದವಳು. ಬಾಯಿ ಮಾತ್ರ ನಿನ್ನದೇ.

ಸರಿ, ಫೋನಿನಲ್ಲಿ ನಮ್ಮದೊಂದು ಪುಟ ಮಾಡಿದಳು. ದೋಣಿ ಎಲ್ಲಿ ನಿಲ್ಲುತ್ತದೆಂದು ನಕ್ಷೆಯಲ್ಲಿ ಗುರುತು ಹಾಕಬೇಕಂತೆ. ಹೊಳೆಯ ಮಧ್ಯೆ ಹಾಕಲು ಬರಲಿಲ್ಲವೋ ಏನೋ, ಗುರುತು ಹೋಗಿ ದಡದಲ್ಲಿರುವ ತಾಮ್ ಮಾಮನ ಶವಪೆಟ್ಟಿಗೆ ಅಂಗಡಿಯ ಮೇಲೆ ಕೂತಿತು. ಮೊದಲ ಗಿರಾಕಿಗಳು ಕೊರಿಯಾದ ಗಂಡ ಹೆಂಡತಿ, ಬೆಳಗಿನ ಐದೂವರೆಗೆ ಅಲ್ಲಿಗೇ ಹೋಗಿ ತಿಂಡಿ ಕೇಳಿದ್ದಾರೆ. ಮಾಮ ಗಾಬರಿಯಾಗದೆ ಪೆಟ್ಟಿಗೆಗಳ ನಡುವೆ ಕುರ್ಚಿ ಹಾಕಿ, ಚಹಾ ಕೊಟ್ಟು, ಕೈಹಿಡಿದು ಮೆಟ್ಟಿಲಿಳಿಸಿ ನಮ್ಮ ದೋಣಿಗೆ ಹತ್ತಿಸಿದ. 'ನನ್ನ ಅಂಗಡಿಗೆ ನಗ್ತಾ ಬಂದ ಮೊದಲ ಗಿರಾಕಿಗಳು ಕಣಮ್ಮ ಇವರು' ಎಂದ. ಗುರುತನ್ನು ಸರಿಮಾಡೋಣವೆಂದು ಮಿಯೆನ್ ಹೊರಟರೆ ಬೇಡವೆಂದವನು ಅವನೇ. ಈಗ ಬೆಳಿಗ್ಗೆ ಬಂದವರೆಲ್ಲ ಅವನ ಬೆಂಚಿನ ಮೇಲೆ ಕೂತು ನಮಗೆ ಕಾಯುತ್ತಾರೆ.

ಆಮೇಲೆ ಈ ನಕ್ಷತ್ರಗಳ ಕಾಟ. ಬಂದುಹೋದವರು ಐದಕ್ಕೆ ಇಷ್ಟು ಎಂದು ನಕ್ಷತ್ರ ಕೊಟ್ಟು ಎರಡು ಮಾತು ಬರೆಯುತ್ತಾರೆ. ಒಬ್ಬ ಬಿಳಿಯ ಹೆಂಗಸು ಮೂರೇ ಕೊಟ್ಟು, ಸಾರು ಅದ್ಭುತ, ಆದರೆ ದೋಣಿಯಲ್ಲಿ ಶೌಚಾಲಯವಿಲ್ಲ ಎಂದು ಬರೆದಳು. ನನಗೆ ಮೈಯೆಲ್ಲ ಉರಿಯಿತು. 'ಬರ್ಕೋ' ಎಂದು ಮಿಯೆನ್‌ಗೆ ನಾಲ್ಕು ಮಾತು ಹೇಳಿದೆ. ಅವಳು ಬರೆಯಲಿಲ್ಲ. 'ಸಂತೇಲಿ ಗಿರಾಕಿ ಹಣ್ಣು ಹುಳಿ ಅಂದ್ರೆ ಬೈತೀಯಾ? ಇನ್ನೊಂದು ಹೆಚ್ಚಿ ಕೊಡ್ತೀಯ ತಾನೇ?' ಎಂದಳು. ಆ ಹೆಂಗಸಿಗೆ ಕ್ಷಮೆ ಕೇಳಿ, ತಾಮ್ ಮಾಮನ ಹಿತ್ತಲಿನದ್ದಕ್ಕೆ ಹೊಸ ಬಾಗಿಲು ಹಾಕಿಸಿ, ಅದರ ಫೋಟೋವನ್ನೂ ಪುಟಕ್ಕೆ ಏರಿಸಿದೆವು. ಶೌಚಾಲಯದ ಬಾಗಿಲಿಗೆ ನಲವತ್ತು ಜನ ಮೆಚ್ಚುಗೆ ಒತ್ತಿದ್ದಾರೆ ಅಕ್ಕ, ಎಂಥ ಕಾಲ ನೋಡು.

ಹೊಸ ವರ್ಷದ ಹಬ್ಬ ಮುಗಿಯುವ ಹೊತ್ತಿಗೆ ನಮ್ಮೊಬ್ಬರ ಕೈಯಲ್ಲಿ ಆಗದಷ್ಟು ಜನ ಬರತೊಡಗಿದರು. ಕಾಫಿ ದೋಣಿಯ ಗಂಡ ಹೆಂಡತಿ ಹಬ್ಬವಾದ ಮೇಲೆ ಬಿನ್ಹ್ ಯೂಂಗ್‌ನ ಚಪ್ಪಲಿ ಕಾರ್ಖಾನೆಗೆ ಹೋಗುವುದೆಂದು ಗಂಟುಮೂಟೆ ಕಟ್ಟಿದ್ದರು. 'ಒಂದು ತಿಂಗಳು ನಿಲ್ಲಿ' ಎಂದು ನಮ್ಮ ಗಿರಾಕಿಗಳನ್ನು ಅವರ ಕಡೆಗೂ ಕಳಿಸಿದೆ. ಇನ್ನೂ ಇಲ್ಲೇ ಇದ್ದಾರೆ. ಈಗ ಒಂದೇ ಪುಟದಲ್ಲಿ ಆರು ದೋಣಿ. ತಿಂಡಿ ನನ್ನದು, ಕಾಫಿ ಅವರದು, ಹಣ್ಣು ಒಬ್ಬರದು, ಕಾಲುವೆ ಸುತ್ತಿಸುವುದು ಇನ್ನೊಬ್ಬರದು. ಪಟ್ಟಣದಲ್ಲಿ ಸಣ್ಣ ವ್ಯಾಪಾರದವರಿಗೆ ನಡೆದ ತರಬೇತಿಗೂ ಹೋಗಿಬಂದೆ. ಪಾಠ ಹೇಳುವ ಹುಡುಗ, 'ಆಂಟಿ, ನಿಮ್ಮನ್ನ ಜನ ದೂರದಿಂದ ಗುರುತಿಸೋದು ಹೇಗೆ?' ಎಂದ. 'ದೋಣೀಲಿ ನೆಟ್ಟ ಗಳದ ತುದೀಲಿ ಏನು ಕಟ್ಟಿದೆ ನೋಡಿ' ಎಂದೆ. ಅವನು ಅದನ್ನೇ ಹಲಗೆಯ ಮೇಲೆ ಬರೆದ. ನನಗೆ ಜಂಬವಾಗಿದ್ದು ನಿಜ.

ಆ ಗಳದಿಂದಲೇ ನಿನಗೆ ಸಿಟ್ಟು ಬಂದದ್ದು. ಪುಟದ ಮೊದಲ ಫೋಟೋ ಬದಲಿಸಬೇಕೆಂದು ಮಿಯೆನ್ ಹೋದ ತಿಂಗಳು ತನ್ನ ಹಳೆಯ ಫೋಟೋಗಳನ್ನೆಲ್ಲ ಜಾಲಾಡಿದಳು. 'ನೋಡೋರ ಬೆರಳು ಅಲ್ಲೇ ನಿಲ್ಲಬೇಕು, ಅಂಥದ್ದು ಬೇಕು' ಎಂದು ಹೋದ ವರ್ಷದ ಒಂದು ಚಿತ್ರ ಹುಡುಕಿ ಹಾಕಿದಳು. ಮುಂಜಾನೆಯ ಮಂಜು, ನಮ್ಮ ದೋಣಿಯ ಮೂತಿಗೆ ಬರೆದ ಕೆಂಪು ಕಣ್ಣು, ಎತ್ತರದ ಗಳ, ಅದರ ತುದಿಯಲ್ಲಿ ಹಸಿರು ತೆಂಗಿನ ಗರಿ. ಚಿತ್ರ ಚೆನ್ನಾಗಿಯೇ ಇತ್ತು. ವಾರದಲ್ಲಿ ಅದನ್ನು ಎಷ್ಟು ಸಾವಿರ ಜನ ನೋಡಿದರೋ ಲೆಕ್ಕವಿಲ್ಲ.

ಗಳಕ್ಕೆ ಅನಾನಸ್ ಕಟ್ಟಿದರೆ ಅನಾನಸ್ ಮಾರಾಟಕ್ಕೆ, ಕುಂಬಳ ಕಟ್ಟಿದರೆ ಕುಂಬಳ. ತೆಂಗಿನ ಗರಿ ಕಟ್ಟಿದರೆ ದೋಣಿಯೇ ಮಾರಾಟಕ್ಕೆ. ತೂಗಿದರೂ ಮಾರಾಟಕ್ಕಲ್ಲದ್ದು ಒಣಹಾಕಿದ ಬಟ್ಟೆಯೊಂದೇ. ಅಕ್ಷರ ಕಲಿಯುವ ಮೊದಲೇ ಅಮ್ಮ ನಮಗೆ ಕಲಿಸಿದ ಪಾಠ ಇದು. ಅಮ್ಮ ಕಲಿಸಿದ್ದನ್ನು ನಾನು ನನ್ನ ಮಗಳಿಗೆ ಕಲಿಸಿರಲಿಲ್ಲ. ಅವಳ ಕಣ್ಣಿಗೆ ಅದು ಸಿಂಗಾರ.

ನಾನೂ ಆ ಫೋನಿನ ಪುಟ್ಟ ಚಿತ್ರವನ್ನು ಕನ್ನಡಕವಿಲ್ಲದೆ ನೋಡಿ ಚೆನ್ನಾಗಿದೆ ಎಂದುಬಿಟ್ಟಿದ್ದೆ. ಅಷ್ಟರಲ್ಲಿ ಫುಂಗ್ ಹಿಯೆಪ್ ಕಡೆಯ ಒಬ್ಬ ಮುದುಕ ದೋಣಿಯನ್ನೇ ಹುಡುಕಿಕೊಂಡು ಬಂದ. ಬಂದವನೇ ಹಲಗೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡತೊಡಗಿದ.

'ಬೆಲೆ ಹೇಳಮ್ಮ.'

'ಇದು ಮಾರಾಟಕ್ಕಿಲ್ಲ ಮಾಮ.'

'ಗರಿ ಕಟ್ಟಿ ಊರಿಗೆಲ್ಲ ತೋರಿಸ್ಬಿಟ್ಟು ಈಗ ಮಾರಾಟಕ್ಕಿಲ್ಲ ಅಂದ್ರೆ? ನಿಮ್ಮಮ್ಮ ನಿನ್ನ ಬೆಳೆಸಿದ್ದು ಹೊಳೇಲೋ ಗದ್ದೇಲೋ?'

ಅವನು ಫೋನು ತೋರಿಸಿದ. ಕನ್ನಡಕ ಹಾಕಿಕೊಂಡು ನೋಡಿದೆ. ಹೌದು, ತೆಂಗಿನ ಗರಿಯೇ. ಅವನನ್ನು ಕೂರಿಸಿ, ತಪ್ಪಾಯಿತೆಂದು ಹೇಳಿ, ಒಂದು ಬಟ್ಟಲು ಹು ತಿಯು ಕೊಟ್ಟೆ. ತಿಂದು, ಬಟ್ಟಲು ಎತ್ತಿ ಸಾರು ಕುಡಿದು, ಬಾಯಿ ಒರೆಸಿಕೊಂಡು ಅವನು ಹೇಳಿದ: 'ಇಂಥ ಸಾರು ಮಾಡೋಳು ದೋಣಿ ಮಾರಬಾರದು ಬಿಡು.' ಮಿಯೆನ್‌ಗೆ ವಿಷಯ ತಿಳಿದಾಗ ಅವಳ ಮುಖ ಸಣ್ಣದಾಯಿತು. 'ಅಮ್ಮಾ, ಅದು ಸಿಂಗಾರ ಅಂತ ನೀನೇ ಹೇಳಿದ್ಯಲ್ಲ' ಎಂದಳು. ಕೂಡಲೇ ಚಿತ್ರ ತೆಗೆದಳು. ಆದರೆ ಬಿಟ್ಟ ಬಾಣ, ಅಷ್ಟು ಹೊತ್ತಿಗೆ ಅದು ಕೈಯಿಂದ ಕೈಗೆ ಹಾರಿ ನಿಮ್ಮ ಕಾ ಮಾವ್‌ವರೆಗೂ ಬಂದು ಮುಟ್ಟಿತ್ತು.

ನಡೆದದ್ದು ಇಷ್ಟು. ಈಗ ಗಳದಲ್ಲಿ ಅನಾನಸ್ ಇದೆ. ಪುಟದ ಮೊದಲ ಚಿತ್ರದಲ್ಲಿ ಸಾರಿನ ಪಾತ್ರೆಯ ಹಿಂದೆ ನಾನು ಕೂತಿದ್ದೇನೆ, ಸೌಟು ಹಿಡಿದು, ಹಲ್ಲು ಬಿಟ್ಟುಕೊಂಡು.

ಸಾರಿನ ವಿಷಯಕ್ಕೆ ಒಂದು ದೂರು ಇದೆ ಅಕ್ಕ. ಜನ ಎಷ್ಟೇ ಹೊಗಳಲಿ, ಅದು ಅಮ್ಮನದಲ್ಲ. ಮೂಳೆ ಬೇಯಿಸಿದೆ, ಮೂಲಂಗಿ ಹಾಕಿದೆ, ಬೆಳ್ಳುಳ್ಳಿ ಹುರಿದೆ, ಏನೋ ಒಂದು ಕಮ್ಮಿ. ಇಲ್ಲಿ ಸಿಗುವ ಒಣ ಸಿಗಡಿ ಅಮ್ಮ ಹಾಕುತ್ತಿದ್ದಂಥದ್ದಲ್ಲ. ನೀನು ನಿನ್ನ ಅಂಗಳದಲ್ಲಿ ಒಣಗಿಸುತ್ತೀಯಂತಲ್ಲ, ಅದನ್ನು ತಾ. ಆರು ದೋಣಿಗೂ ಬೇಕು, ಪೊಟ್ಟಣ ಕಟ್ಟಿಟ್ಟರೆ ಗಿರಾಕಿಗಳೂ ಕೊಳ್ಳುತ್ತಾರೆ. ಪೊಟ್ಟಣದ ಮೇಲೆ ನಿನ್ನ ಹೆಸರು ಹಾಕಿಸುತ್ತೇನೆಂದು ಮಿಯೆನ್ ಈಗಲೇ ಕುಣಿಯುತ್ತಿದ್ದಾಳೆ. ಬಸ್ಸಿನಲ್ಲಿ ಕಳಿಸಿದರೆ ಸಾಲದು, ನೀನೇ ಹೊತ್ತುಕೊಂಡು ಬರಬೇಕು. ಎಷ್ಟು ಹಾಕಬೇಕು ಎನ್ನುವುದು ನಿನ್ನ ಕೈಗಷ್ಟೇ ಗೊತ್ತು. ಮುಂದಿನ ತಿಂಗಳು ಹತ್ತಕ್ಕೆ ಅಮ್ಮನ ತಿಥಿ. ಅವತ್ತು ಆರು ದೋಣಿಗೂ ರಜೆ ಎಂದು ಪುಟದಲ್ಲಿ ಹಾಕಿಯಾಗಿದೆ.

ಭಾವನಿಗೆ ನಮಸ್ಕಾರ ಹೇಳು. ಇವರು ಎಂಜಿನ್ನಿಗೆ ಎಣ್ಣೆ ಬಿಡುತ್ತ, 'ಅಕ್ಕಂಗೆ ನಂದೂ ಒಂದು ಸಾಲು ಬರಿ' ಎಂದರು. ಬರೆದಿದ್ದೇನೆ. ನಿನ್ನ ಮೊಣಕಾಲು ನೋವು ಕಮ್ಮಿಯಾಗಲಿ, ನಿನ್ನ ಅಂಗಳಕ್ಕೆ ಬಿಸಿಲು ತಪ್ಪದಿರಲಿ. ಅಮ್ಮ ಎಲ್ಲಿದ್ದರೂ ನಮ್ಮಿಬ್ಬರ ತಲೆಯ ಮೇಲೆ ಕೈ ಇಟ್ಟಿರಲಿ.

ನಿನ್ನ ತಂಗಿ,
ದಾವ್

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಗರಿ ಅಲ್ಲಿಗೆ ಹೇಗೆ ಬಂತು ಎನ್ನುವುದನ್ನು ಇಡೀ ಕಾಗದದಲ್ಲಿ ಹೇಳಲೇ ಇಲ್ಲ. ನೀನು ಗಮನಿಸಿರುತ್ತೀಯ.

ಕಟ್ಟಿದವಳು ನಾನೇ ಅಕ್ಕ. ಹೋದ ವರ್ಷ ಅಮ್ಮನ ಮೂರನೇ ತಿಥಿಗೆ ನಿನ್ನ ಬಟ್ಟಲನ್ನೂ ಇಟ್ಟು ಮಧ್ಯಾಹ್ನ ದಾಟುವವರೆಗೆ ಕಾದೆ. ನೀನು ಬರಲಿಲ್ಲ. ಮಾರನೇ ಬೆಳಿಗ್ಗೆ ಗರಿ ಕಡಿದು ತಂದು ಗಳಕ್ಕೆ ಕಟ್ಟಿದೆ. ಮಾರಲಿಕ್ಕಲ್ಲ. ಈ ಸಂತೆಯಲ್ಲಿ ಒಂದು ದೋಣಿಗೆ ಗರಿ ಏರಿದರೆ ಸಂಜೆಯೊಳಗೆ ಸುದ್ದಿ ಕಾ ಮಾವ್ ಮುಟ್ಟುವುದನ್ನು ನಾವೇ ಕಂಡಿದ್ದೇವೆ. ನಿನಗೂ ಮುಟ್ಟುತ್ತದೆ, ನೀನು ಬಾಯಿಗೆ ಬಂದಂತೆ ಬೈಯುತ್ತ ಬರುತ್ತೀಯ ಎಂದುಕೊಂಡೆ. ಬೈಯಲಿಕ್ಕಾದರೂ ಬರಲಿ ಎಂದುಕೊಂಡೆ. ಆ ಬೆಳಿಗ್ಗೆಯೇ ಮಿಯೆನ್ ನಮ್ಮನ್ನು ನೋಡಲು ಬಂದವಳು ಫೋಟೋ ತೆಗೆದು, 'ಎಷ್ಟು ಚೆನ್ನಾಗಿ ಸಿಂಗಾರ ಮಾಡಿದ್ದೀಯಮ್ಮಾ' ಎಂದಳು. ಹೌದು ಎಂದೆ. ಮಗಳಿಗೆ ಇನ್ನೇನು ಹೇಳಲಿ?

ಮೂರು ದಿನ ಗರಿ ತೂಗಿತು. ಯಾರೂ ಬಂದು ಬೆಲೆ ಕೇಳಲಿಲ್ಲ, ಯಾರೂ ನಿನಗೆ ಸುದ್ದಿ ಮುಟ್ಟಿಸಲಿಲ್ಲ. ಹೇಳಲು ಸಂತೆಯಲ್ಲಿ ಜನವೇ ಉಳಿದಿರಲಿಲ್ಲ. ಬಾಡಿದ ಗರಿಯನ್ನು ನಾನೇ ಇಳಿಸಿ ಹೊಳೆಗೆ ಬಿಟ್ಟೆ. ಅವತ್ತು ಅತ್ತಷ್ಟು ಅಮ್ಮ ಹೋದಾಗಲೂ ಅತ್ತಿರಲಿಲ್ಲ. ಈಗ ನೋಡು, ಸಂತೆಯ ಬಾಯಿ ಮುಟ್ಟಿಸದ ಸುದ್ದಿಯನ್ನು ಮಗಳ ಫೋನು ಹತ್ತು ತಿಂಗಳಾದ ಮೇಲೆ ಮುಟ್ಟಿಸಿತು. ನೀನು ಬೈದು ಬರೆದ ಆ ಒಂದು ಸಾಲನ್ನು ಅಳಿಸಬೇಡವೆಂದು ಮಿಯೆನ್‌ಗೆ ಹೇಳಿಟ್ಟಿದ್ದೇನೆ.

ಅಮ್ಮನ ಪೆಟ್ಟಿಗೆಯಲ್ಲಿ ನಿನ್ನ ನೇರಳೆ ಬಣ್ಣದ ಅಂಗಿ ಸಿಕ್ಕಿತು, ಮದುವೆಗೆ ಮುಂಚಿನದು. ಇವತ್ತು ಒಗೆದು ದೋಣಿಯ ಹಗ್ಗಕ್ಕೆ ಹಾಕಿದ್ದೇನೆ. ಬೆಳಿಗ್ಗೆ ಬಂದ ಒಬ್ಬಳು ಅದಕ್ಕೆ ಬೆಲೆ ಕೇಳಿದಳು. ಅದು ಮಾರಾಟಕ್ಕಲ್ಲ, ತೊಡುವವಳು ಬರುತ್ತಿದ್ದಾಳೆ ಎಂದು ಹೇಳಿಬಿಟ್ಟಿದ್ದೇನೆ.