ಒಳಗಿನ ಚಿಲಕ

ಮನೆ ಮಾಲೀಕರಾದ ಅಕ್ಕನವರಿಗೆ ನಮಸ್ಕಾರ.

ನೀವು ಮಗಳ ಮನೆಗೆ ಹೋಗಿ ಹತ್ತು ದಿನವಾಯಿತು. ನನ್ನ ಮಹಡಿ ಮನೆಯ ಇನ್ನೊಂದು ಕೀಲಿಯನ್ನು ಇಲ್ಲಿ ಯಾರಿಗಾದರೂ ಕೊಟ್ಟು ಹೋಗಿದ್ದೀರಾ? ಅಷ್ಟು ತಿಳಿಸಿದರೆ ಸಾಕು.

ಮುಚ್ಚಿಡುವುದೇನು, ನಿನ್ನೆ ಗೆಳೆಯನ ಬೀಳ್ಕೊಡುಗೆಯಲ್ಲಿ ಸ್ವಲ್ಪ ಜಾಸ್ತಿಯೇ ಕುಡಿದೆ. ಬಾರಿನವನು ಎಂದಿನಂತೆ ನನ್ನ ಬೈಕಿನ ಕೀಲಿ ಕಿತ್ತಿಟ್ಟುಕೊಂಡು ಟ್ಯಾಕ್ಸಿ ಹತ್ತಿಸಿದ. ಮೆಟ್ಟಿಲು ಹತ್ತಿ ನಿಂತೆ. ಬಾಗಿಲು ತಾನೇ ತೆರೆಯಿತು. ಕತ್ತಲಲ್ಲಿ ಹೆಂಗಸಿನ ದನಿ, "ಚಪ್ಪಲಿ ಹೊರಗೇ ಬಿಡು, ನೆಲ ಈಗಷ್ಟೇ ಒರೆಸಿದ್ದೀನಿ" ಎಂದಿತು. ನೀವೇ ಊರಿಂದ ಬಂದಿರಬೇಕು ಅಂದುಕೊಂಡು ತೆಪ್ಪಗೆ ಹೋಗಿ ಮಲಗಿದೆ.

ಬೆಳಿಗ್ಗೆ ವಿಪರೀತ ತಲೆಭಾರ, ಬಾಗಿಲು ಹಾಗೇ ಎಳೆದುಕೊಂಡು ನನ್ನ ಅಂಗಡಿಗೆ ಹೊರಟೆ. ಕೆಳಗೆ ನಿಮ್ಮ ಮನೆಗೆ ಬೀಗ ಹಾಗೇ ಇದ್ದದ್ದು ಕಂಡರೂ ತಲೆಗೆ ಹೋಗಲಿಲ್ಲ. ಮಧ್ಯಾಹ್ನ ಬಾರಿನವನು ಅಂಗಡಿಗೆ ಬಂದು ಕೀಲಿಗೊಂಚಲು ಕೊಟ್ಟ. ಮನೆಯ ಕೀಲಿಯೂ ಅದರಲ್ಲೇ ಇತ್ತು.

ನಾನು ಕುಡಿದರೆ ಎಡವುತ್ತೇನೆಯೇ ಹೊರತು ಇಲ್ಲದ ಮಾತು ಕೇಳಿಸಿಕೊಳ್ಳುವವನಲ್ಲ. ಸಂಜೆ ಐದಕ್ಕೇ ಹೋಗಿ ಕೀಲಿ ತಿರುಗಿಸಿದೆ. ಒಳಗಿನಿಂದ ಚಿಲಕ ಹಾಕಿತ್ತು. ತಟ್ಟಿದೆ.

"ಕುಡಿದಿದ್ದೀಯಾ?"

"ಇಲ್ಲ," ಅಂದೆ.

"ಹಾಗಾದ್ರೆ ಹೋಗಿ ಕುಡಿದು ಬಾ. ಈಗ ತೆಗೆದ್ರೆ ನನ್ನನ್ನ ನೋಡಿಬಿಡ್ತೀಯ."

ಅಂಗಡಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇನ್ನು ಮಲಗುವುದೂ ಇಲ್ಲೇ, ಉತ್ತರ ಇಲ್ಲಿಗೇ ಹಾಕಿ. ಊರಿಂದ ಬಂದ ಮೇಲೆ ಒಬ್ಬರೇ ಮಹಡಿ ಹತ್ತಬೇಡಿ. ಹತ್ತಲೇಬೇಕಾಗಿ ಬಂದರೆ ಚಪ್ಪಲಿ ಹೊರಗೇ ಬಿಡಿ.

ಇಂತಿ,
ನಿಮ್ಮ ಮಹಡಿಯ ಬಾಡಿಗೆದಾರ,
ಗಡಿಯಾರ ರಿಪೇರಿಯವನು